ಹಾಲು ಕರೆಯುವವರಿಬ್ಬರೂ ಒಂದೇ ದಿನ ಹೋಗಬಾರದು

(ಕೋವಿಡ್ ಲಸಿಕೆಯ ಕಾಲದಲ್ಲಿ ಕುಟುಂಬಗಳ ಅನುಭವ ಕುರಿತು ಹಾಸನದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಕೋವಿಡ್ ಲಸಿಕೆಯ ಮಾತು ಬಂದರೆ ಸಾಮಾನ್ಯವಾಗಿ ದೊಡ್ಡ ಅಂಕಿಗಳಿಂದಲೇ ಶುರುವಾಗುತ್ತದೆ. 2021ರ ಜನವರಿ 16ಕ್ಕೆ ಆರಂಭ, ಅದೇ ವರ್ಷ ಅಕ್ಟೋಬರ್ 21ಕ್ಕೆ ದೇಶದಲ್ಲಿ ನೂರು ಕೋಟಿ ಡೋಸ್. ದೊಡ್ಡ ಕೆಲಸವೇ, ಸಂಶಯವಿಲ್ಲ. ಆದರೆ ಆ ಲೆಕ್ಕವೆಲ್ಲ ತಲೆ ಎಣಿಸಿದ ಲೆಕ್ಕ. ನಮ್ಮ ಸಕಲೇಶಪುರ, ಆಲೂರು, ಅರಸೀಕೆರೆ ಕಡೆಯ ಹಳ್ಳಿಗಳಲ್ಲಿ ಸೂಜಿ ಚುಚ್ಚಿಸಿಕೊಳ್ಳುವುದು ತಲೆಗೊಂದು ತೀರ್ಮಾನ ಆಗಿರಲಿಲ್ಲ. ಮನೆಯವರೆಲ್ಲ ಕೂತು ಯಾರು ಯಾವತ್ತು ಹೋಗಬೇಕು, ಹೋದವರಿಗೆ ಜ್ವರ ಬಂದರೆ ಅವರ ಕೆಲಸ ಯಾರು ಮಾಡಬೇಕು ಎಂದು ಹೊಂದಿಸಿದ ಮೇಲೆ ಆದ ಕೆಲಸ ಅದು. ಹಾಗೆ ಹೊಂದಿಸಲು ಆಗದ ಮನೆಗಳನ್ನು ನಾವು ಕಡತದಲ್ಲಿ ‘ಹಿಂಜರಿಕೆ’ ಎಂಬ ಪದದಡಿ ಬರೆದುಕೊಂಡೆವು. ಅದು ಅನ್ಯಾಯ ಎಂಬುದು ನನ್ನ ಅಭಿಪ್ರಾಯ. ಯಾಕೆ ಎಂದು ವಿವರಿಸುತ್ತೇನೆ.

ಒಂದು ಮನೆ ಅಂದುಕೊಳ್ಳಿ. ಅಜ್ಜನಿಗೆ 72, ಅಜ್ಜಿಗೆ 66, ಮಗನಿಗೆ 46, ಸೊಸೆಗೆ 39, ಮೊಮ್ಮಗ 16, ಮೊಮ್ಮಗಳು 13. ಅಜ್ಜ ಅಜ್ಜಿಗೆ ಬಾಗಿಲು ತೆರೆದದ್ದು 2021ರ ಮಾರ್ಚ್ 1ಕ್ಕೆ. ಮಗನಿಗೆ ಏಪ್ರಿಲ್ 1ಕ್ಕೆ, 45 ದಾಟಿದ್ದರಿಂದ. ಸೊಸೆಗೆ ಕಾಗದದ ಮೇಲೆ ಮೇ 1ಕ್ಕೆ. ಆದರೆ ಲಸಿಕೆಯೇ ಇಲ್ಲದೆ ನಮ್ಮ ರಾಜ್ಯದಲ್ಲಿ 18ರಿಂದ 44ರವರಿಗೆ ಕೊಡುವುದನ್ನು ಮೇ 14ರಿಂದ ತಾತ್ಕಾಲಿಕವಾಗಿ ನಿಲ್ಲಿಸಿದರು, ಎಲ್ಲರಿಗೂ ಉಚಿತ ಎಂಬ ಕೇಂದ್ರದ ವ್ಯವಸ್ಥೆ ಬಂದದ್ದು ಜೂನ್ 21ಕ್ಕೆ. ಮೊಮ್ಮಗನಿಗೆ 2022ರ ಜನವರಿ 3, ಅವನಿಗೆ ಕೋವ್ಯಾಕ್ಸಿನ್ ಮಾತ್ರ. ಮೊಮ್ಮಗಳಿಗೆ ಮಾರ್ಚ್ 16, ಅವಳಿಗೆ ಕಾರ್ಬಿವ್ಯಾಕ್ಸ್. ಅವಳ ಎರಡನೇ ಡೋಸ್ 28 ದಿನ ಬಿಟ್ಟು, ಏಪ್ರಿಲ್ 13ಕ್ಕೆ. ಒಂದೇ ಒಲೆಯ ಊಟ ಮಾಡುವ ಆರು ಜನಕ್ಕೆ ಐದು ಬೇರೆ ಬೇರೆ ತಾರೀಖು, ಎರಡೋ ಮೂರೋ ಬಗೆಯ ಲಸಿಕೆ, ಮೊದಲಿಂದ ಕೊನೆಗೆ ಹದಿಮೂರು ತಿಂಗಳು ದಾಟಿತು. ವಯಸ್ಸಾದವರಿಗೆ ಮೊದಲು ಕೊಟ್ಟದ್ದು ಸರಿಯೇ, ಸಾವು ಹೆಚ್ಚಾಗಿದ್ದದ್ದು ಅವರಲ್ಲಿ. ಆದರೆ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ಸೊಸೆ ತಾನು ಹಾಕಿಸಿಕೊಳ್ಳದೆ ಅದೇ ಗುಂಪಿನಲ್ಲಿ ಅರ್ಧ ದಿನ ನಿಂತು ವಾಪಸ್ ಬರಬೇಕಾಯಿತು. ಅಂತಹ ಮನೆಗಳು ಎಷ್ಟಿದ್ದವು ಎಂದು ಇಲ್ಲಿ ಕೂತಿರುವ ಆಶಾ ಕಾರ್ಯಕರ್ತೆಯರಿಗೆ ಗೊತ್ತು.

ಎರಡು ಡೋಸ್‌ಗಳ ನಡುವಿನ ಅಂತರದ ಗೊಂದಲ ಇದಕ್ಕಿಂತ ಜಾಸ್ತಿ ನೋಯಿಸಿತು. ಅಜ್ಜ 2021ರ ಮಾರ್ಚ್ 10ಕ್ಕೆ ಕೋವಿಶೀಲ್ಡ್ ಹಾಕಿಸಿಕೊಂಡರು ಅನ್ನಿ. ಅವತ್ತು ಸಿಸ್ಟರ್ ಹೇಳಿದ್ದು 28 ದಿನ, ಅಂದರೆ ಏಪ್ರಿಲ್ 7. ಮಾರ್ಚ್ 22ಕ್ಕೆ ಹೊಸ ಸಲಹೆ ಬಂತು: ಆರರಿಂದ ಎಂಟು ವಾರ. ಆಗ ತಾರೀಖು ಏಪ್ರಿಲ್ 21ರಿಂದ ಮೇ 5. ಅಷ್ಟರಲ್ಲಿ ಎರಡನೇ ಅಲೆ, ಲಸಿಕೆಯ ಅಭಾವ, ಏಪ್ರಿಲ್ 27ರಿಂದ ಕರ್ಫ್ಯೂ. ಹೋದವರಿಗೆ ‘ಸ್ಟಾಕ್ ಇಲ್ಲ’. ಮೇ 13ಕ್ಕೆ ಮತ್ತೆ ಬದಲಾಗಿ 12ರಿಂದ 16 ವಾರ. ಈಗ ತಾರೀಖು ಜೂನ್ 2ರಿಂದ 30. ಅಜ್ಜನಿಗೆ ಏನನಿಸಬೇಕು ಹೇಳಿ? ಸ್ಟಾಕ್ ಇಲ್ಲದ್ದಕ್ಕೆ ಕಥೆ ಕಟ್ಟುತ್ತಿದ್ದಾರೆ ಅಂತಲೇ ಅನಿಸುತ್ತದೆ. ವಾಸ್ತವದಲ್ಲಿ ಅಂತರ ಹೆಚ್ಚಿಸಿದ್ದಕ್ಕೆ ಕಾರಣ ಇತ್ತು. ಆಕ್ಸ್‌ಫರ್ಡ್‌ನವರ ಪರೀಕ್ಷೆಗಳಲ್ಲಿ ಇದೇ ಲಸಿಕೆಗೆ ಹನ್ನೆರಡು ವಾರ ಬಿಟ್ಟವರಲ್ಲಿ ರಕ್ಷಣೆ ಚೆನ್ನಾಗಿ ಬಂದಿತ್ತು. ಅದನ್ನು ಒಂದೇ ಒಂದು ಸಾಲಿನಲ್ಲಿ, ಕನ್ನಡದಲ್ಲಿ, ಅಭಾವಕ್ಕೆ ಮುಂಚೆಯೇ ಹೇಳಿದ್ದರೆ ನಂಬುತ್ತಿದ್ದರು. ಅಭಾವದ ನಡುವೆ ಹೇಳಿದ ನಿಜವೂ ನೆಪದಂತೆ ಕೇಳಿಸಿತು.

ಅದರ ಮೇಲೆ ಇನ್ನೊಂದು ನಿಯಮ: ಕೋವಿಡ್ ಬಂದು ವಾಸಿಯಾದವರು ಮೂರು ತಿಂಗಳು ಕಾಯಬೇಕು. ಮೇ 19ರ ಸೂಚನೆ ಅದು. ಮನೆಯಲ್ಲಿ ಮೂವರಿಗೆ ಜ್ವರ ಬಂದು, ಒಬ್ಬರಿಗೆ ಮಾತ್ರ ಟೆಸ್ಟ್ ಮಾಡಿಸಿ ಪಾಸಿಟಿವ್ ಆಗಿದ್ದರೆ, ಉಳಿದಿಬ್ಬರು ಕಾಯಬೇಕೋ ಬೇಡವೋ? ಇದಕ್ಕೆ ಒಂದೊಂದು ಕೇಂದ್ರದಲ್ಲಿ ಒಂದೊಂದು ಉತ್ತರ ಸಿಕ್ಕಿತು.

ಮಲೆನಾಡಿನ ಕೆಲವರಿಗೆ ಅಂತರ ಕಾದು ಸೂಜಿ ಹಾಕಿಸಿಕೊಳ್ಳುವ ಅಭ್ಯಾಸ ಮೊದಲೇ ಇತ್ತು. ಪಕ್ಕದ ಜಿಲ್ಲೆಯ ಕೊಪ್ಪ, ನರಸಿಂಹರಾಜಪುರದ ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆಗೆ ಕೊಡುತ್ತಿದ್ದ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳೊಳಗೆ ಮತ್ತೊಂದು ಹಾಕಿಸಿಕೊಳ್ಳಬೇಕಿತ್ತು. ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು, ಹಾಗಾಗಿ ಎರಡನೆಯದಕ್ಕೆ ಬಾರದೆ ತಪ್ಪಿಸಿಕೊಂಡವರೂ ಬಹಳ. ನೋವಿನ ಬಗ್ಗೆ ಮೊದಲೇ ಹೇಳದಿದ್ದರೆ ಎರಡನೇ ಡೋಸ್‌ಗೆ ಜನ ಬರುವುದಿಲ್ಲ ಎನ್ನುವುದನ್ನು ಆ ಲಸಿಕೆಯಿಂದಲೇ ಕಲಿತಿರಬೇಕಿತ್ತು.

ಈಗ ಜ್ವರದ ವಿಷಯಕ್ಕೆ ಬರೋಣ. ಕೋವಿಶೀಲ್ಡ್‌ನ ಮೊದಲ ಡೋಸ್‌ಗೆ ಜ್ವರ, ಮೈಕೈ ನೋವು, ಚಳಿ ಬರುವುದು ಸಾಮಾನ್ಯ. ವಯಸ್ಸಾದವರಿಗಿಂತ ಮೂವತ್ತು ನಲವತ್ತರವರಿಗೆ ಜಾಸ್ತಿ. ಬೆಳಿಗ್ಗೆ ಹಾಕಿಸಿಕೊಂಡರೆ ರಾತ್ರಿ ಹೊತ್ತಿಗೆ ಏರುತ್ತದೆ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಎರಡನೇ ಡೋಸ್‌ಗೆ ಇಷ್ಟು ಕಾಟ ಇರುವುದಿಲ್ಲ. ಇದೆಲ್ಲ ವೈದ್ಯರ ದೃಷ್ಟಿಯಲ್ಲಿ ‘ಅಲ್ಪ ಪ್ರಮಾಣದ ಅಡ್ಡಪರಿಣಾಮ’. ಮನೆಯ ದೃಷ್ಟಿಯಲ್ಲಿ ನೋಡಿ. ಎರಡು ಹಸು ಇವೆ, ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ಡೇರಿಗೆ ಹಾಲು ಹೋಗಬೇಕು. ಹಾಲು ಕರೆಯುವುದು ಗೊತ್ತಿರುವುದು ಅತ್ತೆ ಸೊಸೆ ಇಬ್ಬರಿಗೇ. ಇಬ್ಬರೂ ಒಂದೇ ದಿನ ಹಾಕಿಸಿಕೊಂಡರೆ ಮಾರನೇ ಬೆಳಿಗ್ಗೆ ಕೆಚ್ಚಲು ತುಂಬಿ ಹಸು ಅರಚುತ್ತಿರುತ್ತದೆ, ಇಬ್ಬರೂ ಕಂಬಳಿ ಹೊದ್ದು ಮಲಗಿರುತ್ತಾರೆ. ಹಾಲು ಕರೆಯದೆ ಬಿಟ್ಟರೆ ಕೆಚ್ಚಲುಬಾವು, ಆಮೇಲೆ ತಿಂಗಳುಗಟ್ಟಲೆ ನಷ್ಟ. ಮೇ ತಿಂಗಳ ಮಧ್ಯದಿಂದ ಜೂನ್‌ವರೆಗೆ ನಮ್ಮ ಜಿಲ್ಲೆಯಲ್ಲಿ ಆಲೂಗಡ್ಡೆ ಬಿತ್ತನೆ. ಹದ ಬಂದ ನೆಲ ಎರಡು ದಿನ ಕಾಯುವುದಿಲ್ಲ. ಹೀಗೆ ‘ಈ ವಾರ ಬೇಡ, ಮುಂದಿನ ವಾರ ನೋಡೋಣ’ ಅಂದವರನ್ನು ಲಸಿಕೆಯ ವಿರೋಧಿಗಳು ಎಂದು ಕರೆದರೆ ಹೇಗೆ?

ಹಾಗಾಗಿ ಮುಂದೆ ಯಾವುದೇ ದೊಡ್ಡವರ ಲಸಿಕೆ ಬಂದರೂ ಮನೆಯನ್ನು ಎರಡು ತಂಡ ಮಾಡಿ. ಹಾಲು ಕರೆಯುವವರಿಬ್ಬರೂ ಒಂದೇ ದಿನ ಹೋಗಬಾರದು. ಗಾಡಿ ಓಡಿಸುವವರಿಬ್ಬರೂ ಹಾಗೆಯೇ. ಎರಡು ತಂಡಗಳ ನಡುವೆ ಕನಿಷ್ಠ ಮೂರು ದಿನ ಬಿಡಿ. ಪುಟ್ಟ ಮಗು ಅಥವಾ ಹಾಸಿಗೆ ಹಿಡಿದವರು ಮನೆಯಲ್ಲಿದ್ದರೆ ಅವರನ್ನು ನೋಡಿಕೊಳ್ಳುವವರು ಒಂಟಿಯಾಗಿ ಕೊನೆಗೆ ಹೋಗಲಿ, ಆದರೆ ಹೋಗದೆ ಉಳಿಯಬಾರದು. ಸೂಜಿಯನ್ನು ಕಡಿಮೆ ಬಳಸುವ ತೋಳಿಗೆ ಹಾಕಿಸಿಕೊಳ್ಳಿ. ಮಾರನೇ ದಿನ ಮೆಣಸು ಕೊಯ್ಯಲು ಏಣಿ ಹತ್ತುವುದು, ಅಡಿಕೆ ಮರ ಏರುವುದು ಬೇಡ. ತೋಳು ಎತ್ತಲು ಆಗದೆ ಹಿಡಿತ ತಪ್ಪುತ್ತದೆ. ಚುಚ್ಚಿದ ಜಾಗವನ್ನು ಉಜ್ಜಬೇಡಿ, ತಣ್ಣೀರ ಬಟ್ಟೆ ಸಾಕು. ಜ್ವರಕ್ಕೆ ದೊಡ್ಡವರಿಗೆ 500 ಮಿಲಿಗ್ರಾಂ ಪ್ಯಾರಾಸಿಟಮಾಲ್, ಎರಡು ಮಾತ್ರೆಗಳ ನಡುವೆ ಆರು ಗಂಟೆ ಅಂತರ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬೇಡ. ಲಿವರ್ ತೊಂದರೆ ಇದ್ದವರು, ದಿನಾ ಕುಡಿಯುವವರು ವೈದ್ಯರನ್ನು ಕೇಳಿಯೇ ನುಂಗಲಿ. ಜ್ವರ ಬರುವ ಮುಂಚೆ ಮುನ್ನೆಚ್ಚರಿಕೆಗೆಂದು ನುಂಗುವುದು ಬೇಕಿಲ್ಲ. ಜ್ವರ ಮೂರನೇ ದಿನವೂ ಇದ್ದರೆ, ಕೆಮ್ಮು ಅಥವಾ ಉಸಿರಾಟದ ತೊಂದರೆ ಸೇರಿಕೊಂಡರೆ, ಅದು ಲಸಿಕೆಯ ಜ್ವರ ಅಂತ ಸುಮ್ಮನಿರಬೇಡಿ. 2021ರ ಮೇನಲ್ಲಿ ಲಸಿಕೆ ಹಾಕಿಸಿಕೊಳ್ಳಲು ಹೋದ ದಿನವೇ ಸೋಂಕೂ ಹತ್ತಿಸಿಕೊಂಡು ಬಂದು, ಲಸಿಕೆಯಿಂದಲೇ ಕೋವಿಡ್ ಬಂತು ಎಂದವರಿದ್ದಾರೆ. ಕೋವಿಶೀಲ್ಡ್‌ನಲ್ಲಾಗಲಿ ಕೋವ್ಯಾಕ್ಸಿನ್‌ನಲ್ಲಾಗಲಿ ಕೋವಿಡ್ ತರಬಲ್ಲ ಜೀವಂತ ಕೊರೊನಾ ವೈರಸ್ ಇರಲಿಲ್ಲ.

ಕುಡಿತದ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ‘ಸೂಜಿ ಹಾಕಿಸಿಕೊಂಡರೆ ತಿಂಗಳಾನುಗಟ್ಟಲೆ ಎಣ್ಣೆ ಮುಟ್ಟಬಾರದು’ ಎಂಬ ಮಾತು ಎಸ್ಟೇಟ್ ಲೈನುಗಳಲ್ಲಿ ಹಬ್ಬಿ ಎಷ್ಟೋ ಗಂಡಸರು ಬರಲೇ ಇಲ್ಲ. ಕುಡಿತದಿಂದ ಲಸಿಕೆಯ ಬಲ ಕುಗ್ಗುತ್ತದೆ ಎನ್ನುವುದಕ್ಕೆ ಪುರಾವೆ ಇಲ್ಲ ಎಂದು ಆರೋಗ್ಯ ಸಚಿವಾಲಯವೇ ಹೇಳಿತ್ತು. ಕುಡಿತ ಬಿಡಿಸಲು ಇದೇ ಸಮಯ ಎಂದುಕೊಂಡು ನಮ್ಮಲ್ಲಿ ಕೆಲವರು ಆ ಮಾತನ್ನು ತಿದ್ದಲಿಲ್ಲ. ಒಳ್ಳೆಯ ಉದ್ದೇಶಕ್ಕೆ ಹೇಳದೆ ಉಳಿಸಿದ ಸತ್ಯವೂ ಆ ಮನೆಗಳನ್ನು ಲಸಿಕೆಯಿಂದ ದೂರ ಇಟ್ಟಿತು.

ಶೀಶೆಯ ಲೆಕ್ಕವನ್ನು ಜನಕ್ಕೆ ಯಾರೂ ಬಿಡಿಸಿ ಹೇಳಲಿಲ್ಲ. ಕೋವಿಶೀಲ್ಡ್‌ನ ಒಂದು ಶೀಶೆಯಲ್ಲಿ 5 ಮಿಲಿಲೀಟರ್, ಒಬ್ಬರಿಗೆ 0.5, ಅಂದರೆ ಹತ್ತು ಜನ. ಅದರಲ್ಲಿ ಕೆಡದಂತೆ ಇಡುವ ರಾಸಾಯನಿಕ ಹಾಕಿರಲಿಲ್ಲ. ಹಾಗಾಗಿ ಮೊದಲ ಸೂಜಿ ಒಳಗೆ ಹೋದ ಗಳಿಗೆಯಿಂದ ನಾಲ್ಕು ಗಂಟೆಯೊಳಗೆ ಖಾಲಿ ಮಾಡಬೇಕು, ಉಳಿದದ್ದನ್ನು ಬಿಸಾಡಬೇಕು ಎಂದು ನಮ್ಮಲ್ಲಿ ನಿಯಮವಿತ್ತು. ಶೀಶೆಯ ಮೇಲೆ ತೆರೆದ ಸಮಯ ಬರೆಯುತ್ತಿದ್ದದ್ದು ಅದಕ್ಕೇ. ಹೆತ್ತೂರು, ಹಾನುಬಾಳು ಹೋಬಳಿಯ ಕಡೆ ಮನೆಗಳು ಎಷ್ಟು ದೂರ ದೂರ ಎಂದು ನಿಮಗೆ ಗೊತ್ತು. ಒಂದು ಕಡೆ 14 ಜನ ಸೇರಿದರು ಅನ್ನಿ. ಮೊದಲ ಶೀಶೆ ಹತ್ತು ಜನಕ್ಕಾಯಿತು. ಉಳಿದ ನಾಲ್ವರಿಗೆ ಎರಡನೆಯದನ್ನು ತೆರೆದರೆ ಆರು ಡೋಸ್ ಪೋಲು, ಪೋಲಾದರೆ ಮೇಲಿನಿಂದ ನೋಟಿಸು. ತೆರೆಯದಿದ್ದರೆ ಕೂಲಿ ಬಿಟ್ಟು ಬಂದ ನಾಲ್ವರು ಬರಿಗೈಲಿ ವಾಪಸ್. ಸಿಸ್ಟರ್ ‘ಇನ್ನೊಂದಷ್ಟು ಜನ ಬರಲಿ ತಡೀರಿ’ ಎಂದು ಕೂರಿಸಿದಾಗ, ಬೇಕಾದವರಿಗೆ ಎತ್ತಿಟ್ಟಿದ್ದಾರೆ ಎಂದು ಜಗಳವಾದದ್ದುಂಟು. ಹತ್ತರ ಲೆಕ್ಕ ಗೊತ್ತಿದ್ದ ಊರುಗಳಲ್ಲಿ ಜನರೇ ಹಿಂದಿನ ದಿನ ಹತ್ತು, ಇಪ್ಪತ್ತು ಹೆಸರು ಕೂಡಿಸಿ ಆಶಾ ಅವರಿಗೆ ಕೊಟ್ಟರು. ಅಲ್ಲಿ ಜಗಳವೂ ಇಲ್ಲ, ಪೋಲೂ ಇಲ್ಲ.

ಇನ್ನು ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಬಿಸಿಯಾದರೆ ಕೆಡುತ್ತದೆ ಎಂಬ ಭಯ ಎಲ್ಲರಿಗೂ ಇತ್ತು. ಹೆಪ್ಪುಗಟ್ಟಿದರೂ ಅಷ್ಟೇ ಕೆಡುತ್ತದೆ ಎನ್ನುವುದು ಕಡಿಮೆ ಜನಕ್ಕೆ ತಿಳಿದದ್ದು. ಫ್ರೀಜರ್‌ನಿಂದ ತೆಗೆದ ಐಸ್‌ಪ್ಯಾಕನ್ನು ನೇರವಾಗಿ ಪೆಟ್ಟಿಗೆಗೆ ಹಾಕಬಾರದು. ಹೊರಗಿಟ್ಟು, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾಯಬೇಕು. ಬೆಳಿಗ್ಗೆ ತಂಡ ತಡವಾಗಿ ಹೊರಟರೆ ಒಂದು ಕಾರಣ ಇದು. ಜುಲೈನ ಮಳೆಯಲ್ಲಿ ಎರಡು ದಿನ ಕರೆಂಟಿಲ್ಲದಾಗ ‘ಲಸಿಕೆ ಹಳಸಿರುತ್ತೆ’ ಎಂದು ಜನ ಅನುಮಾನಪಟ್ಟರು. ಪಿಎಚ್‌ಸಿಯಲ್ಲಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಇರುವ ಫ್ರಿಜ್ ಮನೆಯ ಫ್ರಿಜ್‌ನಂತಲ್ಲ, ಗೋಡೆಯ ಒಳಗೇ ಮಂಜುಗಡ್ಡೆಯ ಪದರ ಇರುತ್ತದೆ. ಮುಚ್ಚಳ ತೆರೆಯದಿದ್ದರೆ ಕರೆಂಟು ಹೋದ ಮೇಲೂ ಬಹಳ ಹೊತ್ತು ತಂಪು ಹಿಡಿದಿಡುತ್ತದೆ, ಸಿಬ್ಬಂದಿ ದಿನಕ್ಕೆರಡು ಸಲ ಉಷ್ಣಾಂಶ ಬರೆದಿಡುತ್ತಾರೆ. ಅನುಮಾನ ಬಂದರೆ ಆ ಪುಸ್ತಕ ತೋರಿಸಿ ಎಂದು ಕೇಳಿ, ಅದರಲ್ಲಿ ಸಂಕೋಚ ಬೇಡ.

ಫೋನಿನ ಗೋಳು ಬೇರೆಯದೇ. ಲಸಿಕೆಗೆ ಹೆಸರು ನೋಂದಾಯಿಸುವ ಕೋವಿನ್ ಪೋರ್ಟಲ್‌ನಲ್ಲಿ ಒಂದು ಮೊಬೈಲ್ ನಂಬರಿಗೆ ನಾಲ್ಕೇ ಜನ, ಆರು ಜನಕ್ಕೆ ಏರಿಸಿದ್ದು 2022ರ ಜನವರಿಯಲ್ಲಿ. ನಮ್ಮ ಕಡೆಯ ಎಷ್ಟೋ ಅಜ್ಜ ಅಜ್ಜಿಯರ ಹೆಸರು ಇದ್ದದ್ದು ಬೆಂಗಳೂರಿನಲ್ಲಿರುವ ಮಗನ ನಂಬರಿನಲ್ಲಿ. ಓಟಿಪಿ ಅಲ್ಲಿಗೆ ಹೋಗುತ್ತದೆ, ಮೂರು ನಿಮಿಷಕ್ಕೆ ಸಾಯುತ್ತದೆ, ಇಲ್ಲಿ ಕೇಂದ್ರದಲ್ಲಿ ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕು. ಮೇ 8ರಿಂದ ನಾಲ್ಕಂಕಿಯ ಗುಪ್ತ ಸಂಖ್ಯೆಯೂ ಬಂತು. ಸ್ಲಾಟ್ ಬುಕ್ ಮಾಡಿ ಬಾರದವರಿಗೂ ‘ಲಸಿಕೆ ಆಗಿದೆ’ ಎಂದು ಸಂದೇಶ ಹೋಗುತ್ತಿತ್ತು, ಅದನ್ನು ತಡೆಯಲು. ಉದ್ದೇಶ ಸರಿ. ಅಜ್ಜಿಯ ಕೈಯಲ್ಲಿ ಆ ಸಂಖ್ಯೆ ಬರೆದ ಚೀಟಿ ಇರಲಿಲ್ಲ ಅಷ್ಟೇ.

ಎಲ್ಲಕ್ಕಿಂತ ಹೆಚ್ಚು ಜನರನ್ನು ಕಚೇರಿ ಅಲೆಸಿದ್ದು ಎರಡು ನಂಬರಿನ ತಪ್ಪು. ಮೊದಲ ಡೋಸ್ ಮಗನ ನಂಬರು, ಎರಡನೆಯದಕ್ಕೆ ಜೊತೆಗೆ ಬಂದ ಅಳಿಯನ ನಂಬರು. ಕಂಪ್ಯೂಟರಿಗೆ ಅವರು ಇಬ್ಬರು ಬೇರೆ ಬೇರೆ ಜನ. ಹಾಗಾಗಿ ಎರಡು ‘ಮೊದಲ ಡೋಸ್’ ಸರ್ಟಿಫಿಕೇಟ್, ಎರಡನೆಯದು ಆಗಿಯೇ ಇಲ್ಲ. ಆಮೇಲೆ ಪೋರ್ಟಲ್‌ನಲ್ಲಿ ಎರಡನ್ನೂ ಕೂಡಿಸುವ ಅವಕಾಶ ಕೊಟ್ಟರು. ಇದಕ್ಕೆಲ್ಲ ಪರಿಹಾರ ಒಂದು ನೋಟ್‌ಬುಕ್. ಪ್ರತಿಯೊಬ್ಬರ ಹೆಸರು ಆಧಾರ್‌ನಲ್ಲಿ ಇರುವ ಅಕ್ಷರಗಳಲ್ಲೇ, ಲಸಿಕೆಯ ಹೆಸರು, ತಾರೀಖು, ಬ್ಯಾಚ್ ನಂಬರು, ಯಾವ ಮೊಬೈಲ್ ಕೊಟ್ಟಿರಿ ಎನ್ನುವುದು, ಕೇಂದ್ರ ಯಾವುದು. ನಾಯಿ ಕಚ್ಚಿದಾಗಲೂ ಇದೇ ಪುಸ್ತಕ ಬೇಕಾಗುತ್ತದೆ. ಚರ್ಮದೊಳಗೆ ಚುಚ್ಚುವ ರೇಬೀಸ್ ಲಸಿಕೆಗೆ ಮೊದಲ ದಿನವನ್ನು ಸೊನ್ನೆ ಎಂದು ಹಿಡಿದು ಮೂರು, ಏಳು, ಇಪ್ಪತ್ತೆಂಟನೇ ದಿನ ಹೋಗಬೇಕು. ನಮ್ಮಲ್ಲಿ ಆ 28ನೇ ದಿನವನ್ನು ಮರೆಯುವವರೇ ಹೆಚ್ಚು.

ಹೆಣ್ಣುಮಕ್ಕಳ ವಿಷಯ. 2021ರ ಏಪ್ರಿಲ್‌ನಲ್ಲಿ, ಮುಟ್ಟಿನ ಹಿಂದೆ ಐದು ದಿನ ಮುಂದೆ ಐದು ದಿನ ಲಸಿಕೆ ಬೇಡ ಎಂಬ ವಾಟ್ಸಾಪ್ ಸಂದೇಶ ಮನೆಮನೆಗೂ ಬಂತು. ಸುಳ್ಳು ಎಂದು ಸರ್ಕಾರ ಸ್ಪಷ್ಟಪಡಿಸಿತು. ಆದರೆ ಲೆಕ್ಕ ಹಾಕಿ: ತಿಂಗಳಲ್ಲಿ ಅರ್ಧದಷ್ಟು ದಿನ ಆ ಸುಳ್ಳಿಗೇ ಹೋಯಿತು, ಉಳಿದ ದಿನಗಳಲ್ಲಿ ಸ್ಟಾಕ್ ಇರಬೇಕು, ಮನೆಯಲ್ಲಿ ಬಿಡುವಿರಬೇಕು. ಗರ್ಭಿಣಿಯರಿಗೆ ಅನುಮತಿ ಬಂದದ್ದು ಜುಲೈ 2ಕ್ಕೆ, ಎರಡನೇ ಅಲೆಯ ಅಬ್ಬರ ಕಳೆದ ಮೇಲೆ. ಈ ವಿಳಂಬ ನನಗೆ ಈಗಲೂ ನೋವಿನ ಸಂಗತಿ. ಗರ್ಭಿಣಿಗೆ ಕೋವಿಡ್ ತೀವ್ರವಾಗುವ ಅಪಾಯ ಹೆಚ್ಚು ಎಂದು ಆಗಲೇ ಗೊತ್ತಿತ್ತು.

ಹಿರಿಯರನ್ನು ತಡೆದದ್ದು ಮಾತ್ರೆಗಳು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆ ತೆಗೆದುಕೊಳ್ಳುವವರು ‘ರಕ್ತ ನಿಲ್ಲಲ್ಲ’ ಎಂದು ಹೆದರಿ ಬರಲಿಲ್ಲ. ಇನ್ನು ಕೆಲವರು ತಾವೇ ಮಾತ್ರೆ ನಿಲ್ಲಿಸಿ ಬಂದರು, ಅದು ಇನ್ನೂ ಅಪಾಯ. ಮಾತ್ರೆ ನಿಲ್ಲಿಸಬಾರದು. ಚುಚ್ಚುವ ಮುಂಚೆ ಸಿಸ್ಟರ್‌ಗೆ ಹೇಳಬೇಕು, ಆಮೇಲೆ ಹತ್ತಿಯಿಟ್ಟು ಐದು ನಿಮಿಷ ಒತ್ತಿ ಹಿಡಿಯಬೇಕು. ಖಾಲಿ ಹೊಟ್ಟೆಯಲ್ಲಿ ಬರಬಾರದು. ಸೂಜಿಯ ನಂತರ ಅರ್ಧ ಗಂಟೆ ಕೂರಿಸುತ್ತಿದ್ದದ್ದು ಅಲರ್ಜಿಗೆ ಕಾಯಲು. ಅಲ್ಲಿ ಬಹುತೇಕ ನಡೆದದ್ದು ಬವಳಿ ಬಂದು ಬೀಳುವುದು: ಮುಖ ಬಿಳಿಚುತ್ತದೆ, ಬೆವರುತ್ತಾರೆ, ನಾಡಿ ನಿಧಾನವಾಗುತ್ತದೆ, ಮಲಗಿಸಿ ಕಾಲು ಎತ್ತರಿಸಿದರೆ ಚೇತರಿಸಿಕೊಳ್ಳುತ್ತಾರೆ. ಅಲರ್ಜಿಯಾದರೆ ಮೈಮೇಲೆ ದದ್ದು, ತುಟಿ ಊತ, ಉಸಿರಿನಲ್ಲಿ ಸೀಟಿಯ ಸದ್ದು, ನಾಡಿ ಜೋರು. ಅದಕ್ಕೆ ತಕ್ಷಣ ಅಡ್ರಿನಲಿನ್ ಬೇಕು, ಪ್ರತಿ ಕೇಂದ್ರದ ಕಿಟ್‌ನಲ್ಲೂ ಇರುತ್ತಿತ್ತು.

ಇನ್ನು, ಹಾಸನದಲ್ಲಿ ನಿಂತು ಲಸಿಕೆಯ ಬಗ್ಗೆ ಮಾತನಾಡುವವರು ಹೃದಯಾಘಾತದ ಪ್ರಶ್ನೆಗೆ ಉತ್ತರಿಸದೆ ಇಳಿಯುವಂತಿಲ್ಲ. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರ ಹಠಾತ್ ಸಾವುಗಳ ಸುದ್ದಿ ಒಂದರ ಹಿಂದೆ ಒಂದು ಬಂತು. ಮೈಸೂರಿನ, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಇಲ್ಲಿಂದ ಹೋದವರೆಲ್ಲ ಸಾಲುಗಟ್ಟಿದರು. ‘ಆ ಸೂಜಿಯಿಂದಲೇ’ ಎಂದು ಮನೆಮನೆಯಲ್ಲೂ ಮಾತಾಯಿತು. ಆಗ ಮಗನಿಗೆ ಒತ್ತಾಯ ಮಾಡಿ ಹಾಕಿಸಿದ ತಾಯಂದಿರು ಈಗ ರಾತ್ರಿ ನಿದ್ದೆಗೆಟ್ಟಿದ್ದಾರೆ. ಆ ಭಯವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ತಪ್ಪು. ಅದಕ್ಕೆ ವಿವರವಾದ ಉತ್ತರ ಕೊಡಬೇಕು.

ಮೊದಲನೆಯದು, ಕೋವಿಶೀಲ್ಡ್‌ನಿಂದ ರಕ್ತ ಹೆಪ್ಪುಗಟ್ಟುವ ಅತಿ ಅಪರೂಪದ ತೊಂದರೆ ಇದ್ದದ್ದು ನಿಜ. 2021ರ ಮೇನಲ್ಲಿ ಲಸಿಕೆಯ ಅಡ್ಡಪರಿಣಾಮ ಪರಿಶೀಲಿಸುವ ಕೇಂದ್ರ ಸಮಿತಿ ವರದಿ ಮಾಡಿದ ಪ್ರಮಾಣ ಹತ್ತು ಲಕ್ಷ ಡೋಸ್‌ಗೆ 0.61. ಅದು ಲಸಿಕೆಯಾದ ಮೇಲೆ ಸುಮಾರು ನಾಲ್ಕರಿಂದ ನಲವತ್ತೆರಡು ದಿನದೊಳಗೆ ಕಾಣಿಸಿಕೊಳ್ಳುವಂಥದ್ದು: ಬಿಡದ ತಲೆನೋವು, ಉಸಿರಾಟದ ಕಷ್ಟ, ಒಂದು ಕಾಲು ಊದುವುದು. ಮೂರ್ನಾಲ್ಕು ವರ್ಷ ಕಳೆದ ಮೇಲೆ ಆಗುವ ಹೃದಯಾಘಾತ ಅದಲ್ಲ. ಎರಡನೆಯದು, ಹೃದಯದ ಸ್ನಾಯು ಊದಿಕೊಳ್ಳುವ ತೊಂದರೆಯ ಸುದ್ದಿ ಮುಖ್ಯವಾಗಿ ಬಂದದ್ದು ಹೊರದೇಶಗಳ ಫೈಜರ್, ಮೊಡೆರ್ನಾ ಲಸಿಕೆಗಳ ಬಗ್ಗೆ. ನಮ್ಮ ಪಿಎಚ್‌ಸಿಗಳಲ್ಲಿ ಕೊಟ್ಟದ್ದು ಅವನ್ನಲ್ಲ.

ಮೂರನೆಯದು ಮುಖ್ಯ. ದೊಡ್ಡವರಲ್ಲಿ ಹೆಚ್ಚು ಕಡಿಮೆ ಎಲ್ಲರೂ ಲಸಿಕೆ ಹಾಕಿಸಿಕೊಂಡಿರುವಾಗ, ತೀರಿಕೊಂಡವರ ಮನೆಗಳಲ್ಲಿ ವಿಚಾರಿಸಿದರೆ ಅವರಲ್ಲಿ ಬಹುತೇಕರೂ ಹಾಕಿಸಿಕೊಂಡವರೇ ಆಗಿರುತ್ತಾರೆ. ಆದ್ದರಿಂದ ತೀರಿಕೊಂಡವರನ್ನೂ, ಅದೇ ವಯಸ್ಸಿನ, ಅದೇ ಊರಿನ ಬದುಕಿರುವವರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ 2023ರಲ್ಲಿ 47 ಆಸ್ಪತ್ರೆಗಳ ಮೂಲಕ ಅದನ್ನೇ ಮಾಡಿತು. 18ರಿಂದ 45 ವಯಸ್ಸಿನ, ಕಾರಣ ತಿಳಿಯದೆ ಹಠಾತ್ತನೆ ಸತ್ತ 729 ಜನ, ಹೋಲಿಕೆಗೆ 2,916 ಜನ. ಎರಡು ಡೋಸ್ ಆದವರಲ್ಲಿ ಇಂಥ ಸಾವಿನ ಸಾಧ್ಯತೆ ಕಡಿಮೆಯೇ ಇತ್ತು. ಹೆಚ್ಚಿದ್ದದ್ದು ಯಾರಲ್ಲಿ? ಕೋವಿಡ್‌ಗೆ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವು ಆಗಿದ್ದವರಲ್ಲಿ, ಸಾವಿನ ಹಿಂದಿನ ಎರಡು ದಿನಗಳಲ್ಲಿ ವಿಪರೀತ ಕುಡಿದವರಲ್ಲಿ, ಮೈಮೀರಿ ದಣಿದವರಲ್ಲಿ. ನಮ್ಮ ರಾಜ್ಯದಲ್ಲಿ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿಯೂ ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಾಣಲಿಲ್ಲ. ಬಿಪಿ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಬೀಡಿ ಸಿಗರೇಟು, ಇವೇ ಮುಂದೆ ಬಂದವು.

ಆದ್ದರಿಂದ ಸೂಜಿಯನ್ನು ಬೈಯುತ್ತಾ ಬಿಪಿ ನೋಡಿಸದೆ ಇರುವ ಮನೆಗಳ ಬಗ್ಗೆ ನನಗೆ ಚಿಂತೆ. ಮೂವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ ನೋಡಿಸಿ, ಸಬ್‌ಸೆಂಟರ್‌ನಲ್ಲೇ ಆಗುತ್ತದೆ. ಎದೆಯಲ್ಲಿ ಒತ್ತಿದಂತೆ ನೋವು, ಎಡತೋಳಿಗೆ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು ಕಂಡರೆ ಗ್ಯಾಸ್ ಎಂದು ಸೋಡಾ ಕುಡಿಸಿ ಕೂರಿಸಬೇಡಿ. ನೋವಿದ್ದವರು ತಾವೇ ಬೈಕ್ ಓಡಿಸಿಕೊಂಡು ಹೋಗಬಾರದು. 108ಕ್ಕೆ ಕರೆ ಮಾಡಿ, ಅಥವಾ ಪಕ್ಕದ ಮನೆಯ ಕಾರು ಎಬ್ಬಿಸಿ, ತಾಲ್ಲೂಕು ಆಸ್ಪತ್ರೆಗೆ ಹೋಗಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅಲ್ಲಿ ಇಸಿಜಿ ತೆಗೆದು ಜಯದೇವದಂತಹ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ನೋವು ಶುರುವಾದ ಸಮಯ ಗಡಿಯಾರ ನೋಡಿ ಬರೆದುಕೊಳ್ಳಿ, ವೈದ್ಯರು ಮೊದಲು ಕೇಳುವುದು ಅದನ್ನೇ. ಇಸಿಜಿಯಲ್ಲಿ ಏನೂ ಇಲ್ಲ ಎಂದು ವಾಪಸ್ ಕಳಿಸಿದರೂ ಆ ಕಾಗದ ಬಿಸಾಡಬೇಡಿ, ಮುಂದಿನ ಸಲ ಹೋಲಿಸಿ ನೋಡಲು ಬೇಕಾಗುತ್ತದೆ. ಕೆಲವು ಕಡೆ ಅದು ಥರ್ಮಲ್ ಕಾಗದ, ಬಿಸಿಲಿಗೂ ಒಲೆಯ ಕಾವಿಗೂ ಗೆರೆಗಳು ಮಾಸಿಹೋಗುತ್ತವೆ. ಅವತ್ತೇ ಒಂದು ಜೆರಾಕ್ಸ್ ಮಾಡಿಸಿ, ಅದೇ ನೋಟ್‌ಬುಕ್ಕಿನಲ್ಲಿ ಅಂಟಿಸಿಡಿ.